ಎರಡು ಪಂಚಾಯಿತಿ ಒಂದಾದ ವರ್ಷ

ಗಂಧಕದ ಹೊಗೆ ಮೂಗಿಗೆ ಬಡಿದರೆ ಎಲ್ಲರಿಗೂ ಕೆಮ್ಮು ಬರುತ್ತದೆ, ನನಗೆ ಸಿಟ್ಟು ಬರುತ್ತದೆ. ಮೊನ್ನೆ ತಿಕೋಟಾದಲ್ಲಿ ಗೆಳತಿಯ ಬಸುರಿ ಮಗಳ ಕುಬಸಕ್ಕೆಂದು ವಿಜಯಪುರದಲ್ಲಿ ಬಸ್ಸು ಹತ್ತಿದ್ದೆ. ಕಿಟಕಿಯ ಗಾಜು ಎಂದಿನಂತೆ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಊರು ದಾಟಿ ದ್ರಾಕ್ಷಿ ತೋಟಗಳು ಶುರುವಾದ ಮೇಲೆ, ರಸ್ತೆ ಪಕ್ಕದ ಶೆಡ್ಡೊಂದರಲ್ಲಿ ಒಣದ್ರಾಕ್ಷಿಗೆ ಹೊಗೆ ಕೊಡುತ್ತಿದ್ದರು. ಹಣ್ಣಿಗೆ ಬಂಗಾರದ ಬಣ್ಣ ಬರಲಿ ಎಂದು ಕೊಡುವ ಹೊಗೆ ಅದು. ಪಕ್ಕದಲ್ಲಿ ಕೂತ ಮುದುಕಿ ಮೂಗಿಗೆ ಸೆರಗು ಹಿಡಿದು, “ಏನ್ ಘಾಟು ಬೇ ಯವ್ವಾ!” ಎಂದಳು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಐದು ವರ್ಷವಾಯಿತು, ಈ ಸಿಟ್ಟು ಇಳಿಯಲೊಲ್ಲದು.

ಐದು ವರ್ಷದ ಹಿಂದೆ ನಾನು ತಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವಿನ ಒಂದು ವಸ್ತಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ವಸ್ತಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಯಾರದೋ ಕಚೇರಿಯಿಂದ ನನಗೊಂದು ನೋಟಿಸು ಬಂದರೂ ಬಂದೀತು, ಆ ಜನ ಅಂಥವರೇ. ಗಂಡ, ಮಗಳು ವಿಜಯಪುರದಲ್ಲಿ. ನಾನು ಶನಿವಾರ ಮಧ್ಯಾಹ್ನ ಹೋಗಿ ಸೋಮವಾರ ಮೊದಲ ಬಸ್ಸಿಗೆ ಬರುತ್ತಿದ್ದೆ. ಉಳಿದ ದಿನಗಳಿಗೆ ಕಸ್ತೂರವ್ವನ ಮನೆಯ ಮುಂದಿನ ಖೋಲಿ ಬಾಡಿಗೆಗೆ ಹಿಡಿದಿದ್ದೆ.

ಕಸ್ತೂರವ್ವನಿಗೆ ಆಗ ನಲವತ್ತೈದರ ಆಸುಪಾಸು. ಏಳನೆಯ ಈಯತ್ತೆವರೆಗೆ ಓದಿದ್ದಳು. ಗಂಡ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಿದ್ದ. ಹಣ್ಣು ಒಣಗಿಸುವ ಶೆಡ್ಡಿನ ಯಜಮಾನಿಕೆ ಪೂರ್ತಿ ಇವಳದು. ಶೆಡ್ಡು ಅಂದರೆ ಏನು ಮಹಾ: ಕಬ್ಬಿಣದ ಕಂಬ, ಮೇಲೆ ತಗಡು, ಒಳಗೆ ಒಂದರ ಮೇಲೊಂದು ಕಟ್ಟಿದ ಜಾಳಿಗೆ, ಸುತ್ತ ಹಸಿರು ಪರದೆ. ಚಳಿ ಮುಗಿದ ಮೇಲೆ ಎರಡೂವರೆ ತಿಂಗಳು ಅಲ್ಲಿ ಹಣ್ಣು ಒಣಗುತ್ತಿತ್ತು. ವಸ್ತಿಯ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತು ತೊಟ್ಟು ಬಿಡಿಸಿ, ಬಣ್ಣ ನೋಡಿ ಆರಿಸುತ್ತಿದ್ದರು. ಉಳಿದ ಒಂಬತ್ತೂವರೆ ತಿಂಗಳು ಅದೇ ಶೆಡ್ಡಿನಲ್ಲಿ ಆಡು ಕಟ್ಟುತ್ತಿದ್ದರು.

ಆ ವಸ್ತಿಗೆ ಎರಡು ಪಂಚಾಯಿತಿ. ಹೌದು, ಒಂದೇ ವಸ್ತಿಗೆ ಎರಡು. ಅಲ್ಲಿಯವರೆಲ್ಲ ಮುಳುಗಡೆಯ ಮಂದಿ. ಹೊಳೆಯ ದಂಡೆಯ ಊರು ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಇಲ್ಲಿಗೆ ಬಂದವರು. ನೆಲ ತಿಕೋಟಾ ಕಡೆಯ ಪಂಚಾಯಿತಿಯ ಹದ್ದಿನೊಳಗಿತ್ತು. ಬಂದ ಹೊಸದರಲ್ಲಿ ಮನೆಗೆ ನಂಬರು ಹಾಕಿಸಿಕೊಟ್ಟದ್ದು ಬಬಲೇಶ್ವರ ಕಡೆಯ ಪಂಚಾಯಿತಿ. ಹೀಗಾಗಿ ಪ್ರತಿ ಬಾಗಿಲ ಮೇಲೂ ಎರಡು ನಂಬರು, ಒಂದು ಕೆಂಪು, ಒಂದು ನೀಲಿ. ಮನೆ ತೆರಿಗೆ ವಸೂಲಿಗೆ ಇಬ್ಬರೂ ಬರುತ್ತಿದ್ದರು, ಇಬ್ಬರೂ ಪಾವತಿ ಹರಿದು ಕೊಡುತ್ತಿದ್ದರು. ಆದರೆ ನೀರಿನ ಮೋಟಾರು ಸುಟ್ಟರೆ ಇವರು “ಪೈಪು ಅವರದು” ಎನ್ನುತ್ತಿದ್ದರು, ಅವರು “ಬೋರು ಇವರದು” ಎನ್ನುತ್ತಿದ್ದರು. ಆ ವರ್ಷ ಮೃಗಶಿರಾ ಮಳೆಯಲ್ಲಿ ಶಾಲೆಯ ಮುಂದಿನ ಗಟಾರು ಒಡೆದು ಹೊಲಸೆಲ್ಲ ಅಂಗಳಕ್ಕೆ ಬಂತು. ಎರಡೂ ಕಚೇರಿಗೆ ನಾನೇ ಹೋದೆ. ಒಬ್ಬ ನಕಾಶೆ ಬಿಚ್ಚಿ ಬೆರಳಿಟ್ಟು ತೋರಿಸಿದ. ಇನ್ನೊಬ್ಬ ಚಹಾ ಕುಡಿಸಿ ಕಳಿಸಿದ. ಹದಿನೈದು ದಿನ ಹುಡುಗಿಯರು ಲಂಗ ಎತ್ತಿಕೊಂಡು ಹೊಲಸಿನಲ್ಲಿ ದಾಟಿದರು. ತೆರಿಗೆ ತಿನ್ನಲು ಎರಡು ಬಾಯಿ, ಗಟಾರು ಬಳಿಯಲು ಒಂದು ಕೈ ಇಲ್ಲ!

ಅವತ್ತು ಹೊತ್ತಿಕೊಂಡೆ ನಾನು. ಎರಡೂ ಪಂಚಾಯಿತಿ ಕೂಡಿಸಿ ಒಂದು ಮಾಡಿ ಎಂದು ಅರ್ಜಿ ಬರೆದೆ. ಎರಡು ಕಚೇರಿಗೆ ಎರಡು ಕಟ್ಟಡ, ಎರಡು ದಂಡು ನೌಕರರು, ಎರಡು ಲೈಟ್ ಬಿಲ್ಲು. ಒಂದಾದರೆ ಖರ್ಚು ಇಳಿಯುತ್ತದೆ, ಖರ್ಚು ಇಳಿದರೆ ಮನೆ ತೆರಿಗೆಯೂ ಇಳಿಯುತ್ತದೆ. ಶಾಲೆಯ ಅಂಗಳದಲ್ಲಿ ಮಂದಿಯನ್ನು ಕೂಡಿಸಿ, ಬೋರ್ಡಿನ ಮೇಲೆ ಬರೆದು ತೋರಿಸಿದೆ. ಗಣಿತ ಕಲಿಸುವವಳಲ್ಲವೇ ನಾನು! ಎರಡನ್ನು ಕೂಡಿಸಿದರೆ ಮೊದಲಿಗಿಂತ ಕಡಿಮೆಯಾಗುತ್ತದೆ ಎಂದು ಇಡೀ ಊರಿಗೇ ಪಾಠ ಮಾಡಿದೆ.

ನನ್ನ ಲೆಕ್ಕ ಯಾರಿಗೂ ತಿಳಿಯಲಿಲ್ಲ. ಸಹಿ ಬಿದ್ದದ್ದು ಕಸ್ತೂರವ್ವನ ಮಾತಿಗೆ. ಮನೆ ಮನೆಗೆ ಹೋಗಿ, ಕಟ್ಟೆಯ ಮೇಲೆ ಕೂತು, “ಅಕ್ಕಾರು ಬರದಾರ. ನಾ ಓದೇನಿ. ತೆರಿಗಿ ಇಳಿತದ. ಹಾಕ್ರಿ ಸಹಿ” ಎನ್ನುತ್ತಿದ್ದಳು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕಾರು ಎನ್ನುತ್ತಾರೆ. ವಸ್ತಿಯ ಹಿರಿಯ ನಿಂಗಪ್ಪಜ್ಜ ಹೆಬ್ಬೆಟ್ಟು ಒತ್ತುತ್ತ, “ಸರಕಾರದ ಮಾತಿಗೆ ನಾ ಒತ್ತಾಂವ ಅಲ್ಲ ತಂಗಿ. ಕಸ್ತೂರವ್ವ ಅಂದಾಳಂದ್ರ ಆತು, ಮುಗೀತು” ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಹೆಣ್ಣುಮಗಳಿಗೆ ಇದ್ದ ಆಸ್ತಿ ಅಂದರೆ ಅದೇ ಮಾತು, ಮತ್ತು ಆ ಶೆಡ್ಡು. ಎರಡನ್ನೂ ನನ್ನ ಅರ್ಜಿಯ ಮೇಲೆ ಇಟ್ಟಳು.

ದೀಪಾವಳಿ ಕಳೆದ ಮೇಲೆ ಆದೇಶ ಬಂತು. ಎರಡೂ ಪಂಚಾಯಿತಿ ಒಂದಾದವು. ಬಾಗಿಲ ಮೇಲಿನ ಎರಡೂ ನಂಬರಿಗೆ ಸುಣ್ಣ ಬಳಿದು ಹೊಸ ನಂಬರು ಬರೆದರು. ಕಸ್ತೂರವ್ವ ಹೋಳಿಗೆ ಮಾಡಿದ್ದಳು. ಆದರೆ ನೋಡಿ, ಕಚೇರಿ ಎರಡೂ ಹಾಗೇ ಉಳಿದವು. ಒಂದಕ್ಕೆ ಮುಖ್ಯ ಕಚೇರಿ ಎಂದು ಬೋರ್ಡು ಹಾಕಿದರು, ಇನ್ನೊಂದಕ್ಕೆ ಉಪ ಕಚೇರಿ ಎಂದು. ಅದೇ ಕುರ್ಚಿ, ಅದೇ ಮಂದಿ, ಅದೇ ಲೈಟು. ಎರಡರ ನಡುವೆ ಫೈಲು ಒಯ್ಯಲು ಒಂದು ಜೀಪು ಹೊಸದಾಗಿ ಬಂತು. ನನಗೆ ಅವತ್ತೇ ತಿಳಿಯಬೇಕಾಗಿತ್ತು. ಗೆದ್ದ ಅಮಲಿನಲ್ಲಿದ್ದೆ.

ಚಳಿಗಾಲದಲ್ಲಿ ಹೊಸ ಪಂಚಾಯಿತಿ ಮನೆ ಮನೆ ಸರ್ವೆ ಶುರು ಮಾಡಿತು. ಸರ್ವೆ ಎಂದರೆ ಯಾರು? ಶಿಕ್ಷಕರೇ. ಜನ ಎಣಿಸಲಿಕ್ಕೂ ನಾವೇ, ದನ ಎಣಿಸಲಿಕ್ಕೂ ನಾವೇ. ಪಂಚಾಯಿತಿಯ ಅಧಿಕಾರಿ ನಮ್ಮನ್ನು ಕೂಡಿಸಿ ಫಾರಮು, ಅಳತೆಯ ಟೇಪು ಕೊಟ್ಟ. ನಗುಮೊಗದ ಮನುಷ್ಯ, ಎಲ್ಲರಿಗೂ ತಾನೇ ಚಹಾ ಬಗ್ಗಿಸಿದ. “ಇದರ ಮ್ಯಾಲನ ಹೊಸಾ ತೆರಿಗಿ ಕೂಡ್ತದ್ರಿ. ಆದ್ರ ಮಂದಿಗೆ ಹೇಳಬ್ಯಾಡ್ರಿ. ಹೇಳಿದ್ರ ಮನಿ ಮುಚ್ಚಿಡ್ತಾರ. ಕೇಳಿದ್ರ ಸರಕಾರಿ ಸರ್ವೆ ಅಂತ ಅನ್ರಿ, ಸಾಕು.” ಎಲ್ಲರೂ ತಲೆಯಾಡಿಸಿದೆವು. ನಾನೂ ಆಡಿಸಿದೆ. ಬೇಸಿಗೆಯಲ್ಲಿ ವರ್ಗಾವಣೆ ಇತ್ತು, ವಿಜಯಪುರಕ್ಕೆ ಅರ್ಜಿ ಹಾಕಿದ್ದೆ. ಯಾರ ಕಣ್ಣಿಗೂ ಬೀಳದೆ ಇದ್ದರೆ ಸಾಕಾಗಿತ್ತು ನನಗೆ.

ಬೇರೆ ಊರಾಗಿದ್ದರೆ ಟೇಪು ಕಂಡ ಕೂಡಲೇ ಜನ ಇದ್ದದ್ದನ್ನು ಸಣ್ಣದು ಮಾಡಿ ತೋರಿಸುತ್ತಿದ್ದರು. ಆದರೆ ಇವರು ಮುಳುಗಡೆಯ ಮಂದಿ. ಇವರ ಬದುಕಿನಲ್ಲಿ ಟೇಪು ಹಿಡಿದವರು ಹಿಂದೆ ಒಮ್ಮೆ ಬಂದಿದ್ದರು, ಹಳೆಯ ಊರು ನೀರಿಗೆ ಹೋಗುವ ಮೊದಲು. ಎಷ್ಟು ಖೋಲಿ, ಎಷ್ಟು ಬಾಗಿಲು, ಎಷ್ಟು ಗಿಡ ಬರೆಸಿದ್ದರೋ ಅಷ್ಟು ಪರಿಹಾರ. ಸಾಚಾ ಇದ್ದವರು ಕಡಿಮೆ ಬರೆಸಿ ಕೆಟ್ಟರು, ಶಾಣ್ಯಾ ಇದ್ದವರು ದನದ ಕೊಟ್ಟಿಗೆಗೆ ಚೌಕಟ್ಟು ಕೂಡಿಸಿ ಗೆದ್ದರು. ಆ ಪಾಠ ಅವರ ಎಲುಬಿನಲ್ಲಿ ಇಳಿದಿತ್ತು. ನಾನು ಮೊದಲ ಮನೆಗೆ ಹೋಗುವಷ್ಟರಲ್ಲಿ ಇಡೀ ವಸ್ತಿಗೆ ಸುದ್ದಿ ಮುಟ್ಟಿತ್ತು: ಕಾಲುವೆ ಅಗಲ ಮಾಡುತ್ತಾರಂತೆ, ಪರಿಹಾರ ಕೊಡುತ್ತಾರಂತೆ.

ನಿಂಗಪ್ಪಜ್ಜ ಎರಡು ಖೋಲಿಯ ಮನೆಯಲ್ಲಿ ನಾಲ್ಕು ಖೋಲಿ ತೋರಿಸಿದ. ಕಟ್ಟಿಗೆ ಒಟ್ಟಿದ ಜಾಗ ಒಂದು, ಕೋಳಿ ಕೂಡಿಹಾಕುವ ಜಾಗ ಇನ್ನೊಂದು. “ಅಜ್ಜಾ, ಇದು ಖೋಲಿ ಹೆಂಗ ಆಗ್ತದ?” ಎಂದೆ. “ಬರಕೋ ತಂಗಿ, ನಿನ್ನ ಗಂಟೇನ ಹೋಗ್ತದ? ಟೇಪು ಬಂತಂದ್ರ ರೊಕ್ಕ ಬರ್ತದ. ಹ್ವಾದ ಸಲ ನಮ್ಮಪ್ಪ ಖರೇ ಹೇಳಿ ಹಾಳಾದ” ಎಂದ. ನಾನು ನಕ್ಕುಬಿಟ್ಟೆ. ಬರೆದೆ.

ಕೊನೆಗೆ ಕಸ್ತೂರವ್ವನ ಶೆಡ್ಡು. ಹಿಂದಿನ ದಿನವೇ ಆಡುಗಳನ್ನು ಬಯಲಿಗೆ ಹೊಡೆಸಿ, ನೆಲ ಸಾರಿಸಿ, ಬಾಗಿಲಿಗೆ ತೋರಣ ಕಟ್ಟಿದ್ದಳು. ಟೇಪಿನ ಆ ತುದಿ ತಾನೇ ಹಿಡಿದಳು. ಹಸಿರು ಪರದೆಯ ಹೊರಗೆ ಹಣ್ಣು ತೊಳೆಯುವ ಜಾಗವನ್ನೂ ಸೇರಿಸಿ ಅಳೆಸಿದಳು. ಫಾರಮಿನಲ್ಲಿ ‘ಉಪಯೋಗ’ ಎಂಬ ಕಾಲಮ್ಮಿಗೆ ಬಂದಾಗ ಕೇಳಿದೆ. “ಏನಂತ ಬರೀಲಿ ಕಸ್ತೂರವ್ವಾ?”

“ಕಾರ್ಖಾನಿ ಅಂತ ಬರೀರಿ ಅಕ್ಕಾರ. ಹನ್ನೆರಡು ಮಂದಿ ದುಡೀತಾರಲ್ಲ, ಕಾರ್ಖಾನಿನ ಇದು.” ಆಮೇಲೆ ದನಿ ತಗ್ಗಿಸಿದಳು. “ಅಲ್ರಿ, ಯಾವ್ದಕ್ಕ ಈ ಸರ್ವೆ? ಖರೇನ ಪರಿಹಾರ ಬರ್ತದೇನು?”

ನನ್ನನ್ನೇ ನೋಡುತ್ತಿದ್ದಳು. ನನಗೆ ರೊಟ್ಟಿ ಬಡಿದು ಹಾಕಿದವಳು, ಜ್ವರ ಬಂದಾಗ ಹಣೆಗೆ ಒದ್ದೆ ಅರಿವೆ ಹಾಕಿ ಕೂತವಳು. ನಾನು ಫಾರಮಿನಿಂದ ತಲೆ ಎತ್ತದೆ, “ಸರಕಾರಿ ಸರ್ವೆ” ಎಂದೆ. ಕಾಲಮ್ಮಿನಲ್ಲಿ ಕಾರ್ಖಾನೆ ಎಂದು ದುಂಡಗೆ ಬರೆದೆ.

ಶಿವರಾತ್ರಿ ಆಗಿ ಹಣ್ಣು ಜಾಳಿಗೆಗೆ ಏರಿದ ಹೊತ್ತಿಗೆ ತೆರಿಗೆಯ ನೋಟಿಸು ಬಂದವು. ಹಳೆಯ ಎರಡೂ ಪಂಚಾಯಿತಿಗೆ ಕಟ್ಟುತ್ತಿದ್ದದ್ದನ್ನು ಕೂಡಿಸಿದರೂ ಅದಕ್ಕಿಂತ ಹೆಚ್ಚು. ಕಟ್ಟಿಗೆಯ ಒಟ್ಟಿಲಿಗೆ ತೆರಿಗೆ, ಕೋಳಿಯ ಗೂಡಿಗೆ ತೆರಿಗೆ. ಕಸ್ತೂರವ್ವನ ಶೆಡ್ಡಿಗೆ ಹನ್ನೆರಡು ತಿಂಗಳೂ ಓಡುವ ಕಾರ್ಖಾನೆಯ ತೆರಿಗೆ. ಕಟ್ಟಿದರೆ ಆ ವರ್ಷದ ದುಡಿಮೆಯೆಲ್ಲ ಅದಕ್ಕೇ ಹೋಗುತ್ತಿತ್ತು, ಕಟ್ಟದಿದ್ದರೆ ಬೀಗ. ಮಂದಿ ನೋಟಿಸು ಹಿಡಿದು ಅವಳ ಅಂಗಳಕ್ಕೆ ಬಂದರು. “ತೆರಿಗಿ ಇಳಿತದ ಅಂದಿದ್ದಿ ನೀ! ಯಾರ ಮಾತಿಗೆ ಸಹಿ ಹಾಕೀವಿ ನಾವು? ನಿನ್ನ ಮಾತಿಗೆ!” ನಾನು ಖೋಲಿಯ ಕಿಟಕಿಯಿಂದ ಕೇಳುತ್ತಿದ್ದೆ. ಯಾರೂ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಬಿಸಿಲು ಕಾಯ್ದ ತಗಡಿನಂತೆ ಸುಡುತ್ತಿದ್ದ ಒಂದು ಮಧ್ಯಾಹ್ನ ನಾವಿಬ್ಬರೂ ಮುಖ್ಯ ಕಚೇರಿಗೆ ಹೋದೆವು. ಅದೇ ಅಧಿಕಾರಿ, ಅದೇ ನಗು. ಆಡು ಕಟ್ಟುವ ಶೆಡ್ಡು ಕಾರ್ಖಾನೆ ಹೇಗಾಗುತ್ತದೆ ಎಂದು ನಾನು ದನಿ ಏರಿಸಿದೆ. ಅವನು ಏರಿಸಲಿಲ್ಲ.

“ನೋಡ್ರಿ ಮೇಡಂ, ತಪ್ಪು ಆಗ್ಯಾದ, ಸರಿ ಮಾಡೂಣು. ಆದ್ರ ತಪ್ಪು ಯಾರದು ಅಂತ ಫೈಲಿನ್ಯಾಗ ಬರೀಬೇಕಲ್ರಿ? ಸರ್ವೆ ಮಾಡಿದವ್ರು ತಪ್ಪು ಬರದಾರ ಅಂತಂದ್ರ ನಿಮ್ಮ ಇಲಾಖೆಗೆ ಕಳಸಬೇಕಾಗ್ತದ, ಅಲ್ಲಿ ವಿಚಾರಣೆ ಆಗ್ತದ. ಮನಿಯವ್ರು ಸುಳ್ಳು ಹೇಳ್ಯಾರ ಅಂತಂದ್ರ ಅವರದೊಂದು ಅರ್ಜಿ ಸಾಕು. ಇಲ್ಲೇ ಮುಗೀತದ.”

ಮೂರನೆಯದೂ ಒಂದಿತ್ತು. ಯಾವುದಕ್ಕೆ ಸರ್ವೆ ಎಂದು ಹೇಳಬೇಡಿ ಎಂದವನು ಇವನೇ. ಆದರೆ ಅದು ಫೈಲಿಗೆ ಬರುವಂಥದ್ದಲ್ಲ. ವಿಚಾರಣೆ ಇದ್ದವರಿಗೆ ವರ್ಗಾವಣೆ ಇಲ್ಲ, ಅದು ಅವನಿಗೂ ಗೊತ್ತು, ನನಗೂ ಗೊತ್ತು. ಕಸ್ತೂರವ್ವನಿಗೂ ಗೊತ್ತಿತ್ತು. ದಿನಾ ಸಂಜೆ ಫೋನಿನಲ್ಲಿ ನನ್ನ ಮಗಳು “ಯಾವಾಗ ಬರ್ತಿ ಅಮ್ಮಾ” ಎಂದು ಅಳುವುದನ್ನು ಅವಳು ಅಡುಗೆಮನೆಯಿಂದ ಕೇಳಿದ್ದವಳು. ನಾನು ಬಾಯಿ ಬಿಡಲಿಲ್ಲ. ಬಿಡುತ್ತೇನೋ ಎಂದು ಅವಳು ಸ್ವಲ್ಪ ಹೊತ್ತು ಕಾದಳು. ಆ ಹೊತ್ತನ್ನು ನಾನು ಈಗಲೂ ಎಣಿಸುತ್ತೇನೆ.

“ಸುಳ್ಳು ನಂದರೀ ಸಾಹೇಬ್ರ. ಕಾರ್ಖಾನಿ ಅಂದಾಕಿ ನಾನ” ಎಂದಳು. ನನ್ನ ಕಡೆ ತಿರುಗಿ, “ಬರೀರಿ ಅಕ್ಕಾರ” ಎಂದಳು.

ಬರೆದೆ. ಅವಳ ಹೆಸರಿನಲ್ಲಿ: ಸರ್ವೆಯ ವೇಳೆ ನಾನು ಸುಳ್ಳು ಮಾಹಿತಿ ಕೊಟ್ಟಿರುತ್ತೇನೆ, ಕ್ಷಮಿಸಿ ಸರಿಪಡಿಸಬೇಕಾಗಿ ವಿನಂತಿ. ಅಕ್ಷರ ಎಂದಿನಂತೆ ಸಾಲು ಬಿಡದೆ ಬಂದವು. ಅವಳು ಓದಿಯೂ ನೋಡದೆ ಸಹಿ ಹಾಕಿದಳು. ಬರುವಾಗ ಬಾಡಿಗೆ ಜೀಪಿನಲ್ಲಿ ನನ್ನ ರೊಕ್ಕವನ್ನೂ ಅವಳೇ ಕೊಟ್ಟಳು.

ಉಳಿದ ಮನೆಯವರು ಅಂಥ ಅರ್ಜಿ ಕೊಡಲು ಒಪ್ಪಲಿಲ್ಲ. “ನಾವು ಸುಳ್ಳರು ಅಂತ ನಾವ ಬರಕೊಡೂದು? ನಮ್ಮ ಹೆಣಾ ಬಿದ್ರೂ ಇಲ್ಲ” ಎಂದು ಬೈಯುತ್ತ ಬೈಯುತ್ತ ತೆರಿಗೆ ಕಟ್ಟಿದರು. ಶೆಡ್ಡಿನ ತೆರಿಗೆ ಮಾತ್ರ ಇಳಿಯಿತು. ಯಾಕೆ ಇಳಿಯಿತು ಎಂದು ಯಾರಾದರೂ ಕೇಳಿಯಾರು ಎಂದು ಕಚೇರಿಯವರು ಅವಳ ಅರ್ಜಿಯ ನಕಲನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ನನ್ನ ಅಕ್ಷರ, ಅವಳ ಹೆಸರು. ಊರವರಿಗೆ ಬೇಕಾದದ್ದು ಸಿಕ್ಕಿತು: ಕಸ್ತೂರವ್ವ ಮಂದಿಗೆ ಸಹಿ ಹಾಕಿಸಿ ತೆರಿಗೆ ಏರಿಸಿದಳು, ತನ್ನದನ್ನು ಸುಳ್ಳು ಒಪ್ಪಿಕೊಂಡು ಇಳಿಸಿಕೊಂಡಳು.

ಹಣ್ಣು ಒಣಗಿತು. ತಿಕೋಟಾದ ವ್ಯಾಪಾರಿ ಎಂದಿನಂತೆ ಗಾಡಿ ತಂದ. ಹನ್ನೆರಡು ವರ್ಷದಿಂದ ಅವನು ಅವಳ ಡಬ್ಬಿಗಳನ್ನು ಬಿಚ್ಚಿ ನೋಡಿರಲಿಲ್ಲವಂತೆ. ಮೇಲೆ ಚೀಟಿಯಲ್ಲಿ ಒಂದನೇ ನಂಬರು ಎಂದಿದ್ದರೆ ಒಂದನೇ ನಂಬರು, ಅಷ್ಟೇ. ಅವತ್ತು ಒಂದು ಡಬ್ಬಿಯ ಮುಚ್ಚಳ ಎತ್ತಿದ. ಮೊಣಕೈವರೆಗೆ ಕೈ ಹಾಕಿ ತಳದಿಂದ ಒಂದು ಮುಷ್ಟಿ ತೆಗೆದು ಬಿಸಿಲಿಗೆ ಹಿಡಿದ. ಹೆಂಗಸರೆಲ್ಲ ಕೆಲಸ ಬಿಟ್ಟು ನೋಡಿದರು.

“ತಪ್ಪ ತಿಳೀಬ್ಯಾಡ ಅವ್ವಾ. ಬೋರ್ಡಿಗೆ ಹಾಕ್ಯಾರಲ್ಲ... ನಾನೂ ಮಂದಿಗೆ ಜವಾಬು ಕೊಡಬೇಕಲ್ಲ” ಎಂದ.

“ಒಂದ್ಯಾಕ ಬಿಚ್ಚಿದ್ರಿ?” ಎಂದಳು ಕಸ್ತೂರವ್ವ. “ಎಲ್ಲಾ ಬಿಚ್ರಿ. ಏ, ಬಾಕಿ ಡಬ್ಬಿನೂ ತಂದು ಇಡ್ರೆ ಇವರ ಮುಂದ!” ತಾನೇ ಒಂದೊಂದೇ ಎಳೆದು ತಂದು, ಮುಚ್ಚಳ ಕಿತ್ತು, ಅವನ ಕಾಲ ಬಳಿ ಒಗೆದಳು. ಎಲ್ಲದರಲ್ಲೂ ಒಂದನೇ ನಂಬರಿನ ಹಣ್ಣೇ ಇತ್ತು. ಅವನು ಒಯ್ದ, ದರವನ್ನೂ ಸರಿಯಾಗೇ ಕೊಟ್ಟ. ಅವಳು ಆ ಸಂಜೆ ಒಲೆ ಹಚ್ಚಲಿಲ್ಲ.

ಜೂನಿನಲ್ಲಿ ನನಗೆ ವಿಜಯಪುರಕ್ಕೆ ವರ್ಗವಾಯಿತು. ಮಗಳು ಕುಣಿದಳು. ಖೋಲಿ ಬಿಡುವ ದಿನ ಕಸ್ತೂರವ್ವ ಒಂದು ಕಿಲೋ ಒಣದ್ರಾಕ್ಷಿ ಕಟ್ಟಿಕೊಟ್ಟು, ಉಡಿ ತುಂಬಿ ಕಳಿಸಿದಳು. ಒಂದು ಕಟು ಮಾತು ಆಡಲಿಲ್ಲ. ಅವಳ ಮೇಲೂ ನನಗೆ ಸಿಟ್ಟು ಬಂತು, ನೋಡಿ. ಯಾಕೆ ಆಡಲಿಲ್ಲ? ಯಾಕೆ ನನ್ನ ಜುಟ್ಟು ಹಿಡಿದು ಜಗ್ಗಲಿಲ್ಲ?

ಇಷ್ಟೆಲ್ಲ ಆ ಬಸ್ಸಿನಲ್ಲಿ ನುಗ್ಗಿ ಬಂತು. ತಿಕೋಟಾದಲ್ಲಿ ಇಳಿದು ಕುಬಸದ ಮನೆಗೆ ಹೋಗಬೇಕಾದವಳು ಬಬಲೇಶ್ವರದ ಜೀಪು ಹತ್ತಿದೆ. ಮೊದಲು ಮುಖ್ಯ ಕಚೇರಿಗೆ ಹೋದೆ. ಪಕ್ಕದ ಕಿರಾಣಿ ಅಂಗಡಿಯಲ್ಲಿ ಕಾಗದ ಕೊಂಡು, ಕಟ್ಟೆಯ ಮೇಲೆ ಕೂತು, ಐದು ವರ್ಷದಿಂದ ಬರೆಯಬೇಕಾದದ್ದನ್ನು ಬರೆದೆ. ಒಳಗೆ ಹೊಸ ಗುಮಾಸ್ತೆ ಓದಿ ಕಾಗದ ಹಿಂದೆ ಸರಿಸಿದ.

“ಇದನ್ನ ತಗೊಳ್ಳಾಕ ಬರೂದಿಲ್ರಿ. ಆ ಪಂಚಾಯಿತಿನ ಇಲ್ಲ ಈಗ. ಹ್ವಾದ ವರ್ಷ ಮತ್ತ ಮೂರು ಊರು ಕೂಡಿಸಿ ಪಟ್ಟಣ ಪಂಚಾಯಿತಿ ಮಾಡ್ಯಾರ. ಹಳೇ ಫೈಲು ಎಲ್ಲಾ ಬಂದ್.”

“ಮತ್ತ ತೆರಿಗಿ ಇಳಿತೇನಪ?” ಎಂದೆ.

ಅವನಿಗೆ ನಗು ಬಂತು. “ಏನ್ ಕೇಳ್ತೀರಿ ಅಕ್ಕಾರ!” ಎಂದ.

ಎರಡು ಒಂದಾಗಬಾರದು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಆಗಬೇಕಾದದ್ದೇ. ಆದರೆ ಕೂಡಿಸುವವರು ಬೋರ್ಡು ಕೂಡಿಸಿದರು, ಹದ್ದು ಕೂಡಿಸಿದರು, ತಮ್ಮ ಕುರ್ಚಿ ಮಾತ್ರ ಒಂದೂ ಬಿಡಲಿಲ್ಲ. ತಪ್ಪಿಗೆ ಹೆಸರು ಬೇಕಾದಾಗ ಶೆಡ್ಡಿನ ಹೆಣ್ಣುಮಗಳ ಹೆಸರು ಸಿಕ್ಕಿತು. ಹುಡುಕಿ ಕೊಟ್ಟವಳು ನಾನು.

ಕಾಗದ ಹಿಡಿದು ವಸ್ತಿಗೆ ನಡೆದೆ. ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಿದ್ದರು, ಬಹಳ ಮಂದಿ ಹಳಬರೇ. ಕಸ್ತೂರವ್ವನ ತಲೆ ಅರ್ಧ ನೆರೆತಿತ್ತು. “ಅಕ್ಕಾರು ಬಂದಾರ, ನೀರು ಕೊಡ್ರೆ” ಎಂದಳು. ನೀರು ಕುಡಿದು ಕಾಗದ ಅವಳ ಕೈಗೆ ಕೊಟ್ಟೆ. ನಿಂತಲ್ಲೇ ಓದಿದಳು. ಈ ಸಲ ಪೂರ್ತಿ ಓದಿದಳು. ಆಮೇಲೆ ನನಗೇ ವಾಪಸು ಕೊಟ್ಟಳು.

“ಇದನ್ನ ನನಗ್ಯಾಕ ಕೊಡ್ತೀರಿ? ನನಗ ಗೊತ್ತಿಲ್ಲೇನು ಇದು? ಇವರಿಗೆ ಓದ್ರಿ.”

ಹೆಂಗಸರು ತಲೆ ಎತ್ತಿದರು. ನಾನು ಓದಿದೆ. ಕಾರ್ಖಾನೆ ಎಂದು ಬರೆದವಳು ನಾನು. ಇದು ತೆರಿಗೆಯ ಸರ್ವೆ ಎಂದು ನನಗೆ ಗೊತ್ತಿತ್ತು. ಕಸ್ತೂರವ್ವ ಕೇಳಿದಾಗಲೂ ಹೇಳಲಿಲ್ಲ. ನನ್ನ ವರ್ಗಾವಣೆ ತಪ್ಪಬಾರದೆಂದು ಆಕೆಯ ಹೆಸರಿನಲ್ಲಿ ಸುಳ್ಳು ಅರ್ಜಿ ಬರೆದೆ. ಆಕೆ ಯಾರಿಗೂ ಮೋಸ ಮಾಡಿಲ್ಲ. ನಲವತ್ತು ಮಕ್ಕಳ ಗದ್ದಲದ ಮೇಲೆ ಏರುವ ನನ್ನ ದನಿ ಅವತ್ತು ಮುಂದಿನ ಸಾಲು ದಾಟಲಿಲ್ಲ. ಮುಗಿಸಿ ಕಾಗದ ಮಡಚತೊಡಗಿದೆ.

ಕಸ್ತೂರವ್ವ ಕೈ ಅಡ್ಡ ಹಿಡಿದಳು. ಐದು ವರ್ಷದಲ್ಲಿ ಮೊದಲ ಸಲ ಅವಳ ಕಣ್ಣಿನಲ್ಲಿ ನನ್ನ ಮೇಲಿನ ಸಿಟ್ಟು ಕಂಡೆ.

“ಹಿಂದ ಕೂತವ್ರಿಗೆ ಕೇಳಿಸಿಲ್ಲ. ಇನ್ನೊಮ್ಮೆ ಓದ್ರಿ ಅಕ್ಕಾರ, ಜೋರಲೇ.”